ಕೇಳುವವಳ ಕಡೆಯಿಂದ

ಮಳೆಗಾಲ ಹಿಂದೆ ಸರಿದ ಮೇಲೆ ಕೊಡಗಿನ ತೋಟದ ಮನೆಗಳಲ್ಲಿ ಸಂಜೆ ಏಳರ ಹೊತ್ತಿಗೆ ಜಗಲಿಯಲ್ಲಿ ಕೂತವರು ದನಿ ಏರಿಸಿ ಮಾತಾಡಬೇಕಾಗುತ್ತದೆ. ತಿಂಗಳುಗಟ್ಟಲೆ ಕಿವಿ ತುಂಬಿದ್ದ ಮಳೆಯ ಸದ್ದು ನಿಂತು, ಆ ಜಾಗವನ್ನು ಹುಳಗಳು ತೆಗೆದುಕೊಂಡಿರುತ್ತವೆ. ನೆಲದ ತರಗೆಲೆಯೊಳಗಿಂದ ಒಂದು, ಕಾಫಿ ಗಿಡದ ನಡುವಿನಿಂದ ಇನ್ನೊಂದು, ಕರಿಮೆಣಸು ಹಬ್ಬಿದ ಕಾಂಡದಿಂದ ಮತ್ತೊಂದು, ಮೇಲೆ ಹಲಸಿನ ನೆತ್ತಿಯಿಂದ ಬಿಟ್ಟುಬಿಟ್ಟು ಬರುವ ಮಗದೊಂದು. "ಹುಳ ಕೂಗ್ಲಿಕ್ಕೆ ಶುರು ಮಾಡಿದ್ರೆ ಮಳೆ ಹೋಯ್ತು ಅಂತ ಲೆಕ್ಕ ಸಾರ್" ಎನ್ನುತ್ತಾರೆ ನಮ್ಮ ತೋಟದ ರೈಟರು. ಅವರ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ನನ್ನದೂ ಬಹಳ ಕಾಲ ಅಲ್ಲಿಗೇ ಮುಗಿಯುತ್ತಿತ್ತು. ಸದ್ದು ಇದೆ, ಚೆನ್ನಾಗಿದೆ, ನಿದ್ದೆ ಬರುವವರೆಗೆ ಕೇಳಿಸುತ್ತದೆ, ಅಷ್ಟೇ.

ಈ ಸದ್ದಿನೊಳಗೆ ಕಿವಿ ಇಟ್ಟು ಕೂರುವ ಅಭ್ಯಾಸವನ್ನು ನನಗೆ ಹಚ್ಚಿದ್ದು ರೋಹಿಣಿ ಬಾಲಕೃಷ್ಣನ್ ಅವರ ಸಂಶೋಧನಾ ಪ್ರಬಂಧಗಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಅವರು ಕಟ್ಟಿದ ತಂಡ ತೊಂಬತ್ತರ ದಶಕದ ಕೊನೆಯಿಂದ ಜೀರುಂಡೆ ಮತ್ತು ಮಿಡತೆಗಳ ಹಾಡನ್ನೂ ಅದನ್ನು ಕೇಳುವ ಕಿವಿಯನ್ನೂ ಓದುತ್ತ ಬಂದಿದೆ. ಅವರ ಕಾಡು ಕುದುರೆಮುಖ. ಕೊಡಗಿನಿಂದ ಉತ್ತರಕ್ಕೆ, ಇದೇ ಘಟ್ಟಸಾಲಿನಲ್ಲಿ, ಇದೇ ಮುಂಗಾರನ್ನು ಎದೆಗೆ ತಗುಲಿಸಿಕೊಳ್ಳುವ ಕಾಡು. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ನಮ್ಮ ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿಗಳೂ ಒಟ್ಟಿಗೇ ಅದರೊಳಗೆ ಬಂದವು. ಹಾಗಾಗಿ ಆ ಪ್ರಬಂಧಗಳನ್ನು ಓದುವಾಗ ದೂರದ ಊರಿನ ಸುದ್ದಿ ಅನ್ನಿಸುವುದಿಲ್ಲ.

ಹಾಡು ಎಂದ ಕೂಡಲೇ ನಾವೆಲ್ಲ ಹಾಡುವವನ ಕಡೆ ತಿರುಗುತ್ತೇವೆ. ಜೀರುಂಡೆಯ ಲೋಕದಲ್ಲಿ ಹಾಡುವವನು ಗಂಡು. ಒಂದು ರೆಕ್ಕೆಯ ಹಲ್ಲುಸಾಲಿನ ಮೇಲೆ ಇನ್ನೊಂದು ರೆಕ್ಕೆಯ ಅಂಚನ್ನು ಉಜ್ಜಿ ದನಿ ಹೊರಡಿಸುವವನು. ಕೇಳುವವಳು ಹೆಣ್ಣು. ಸಾಮಾನ್ಯವಾಗಿ ಅವಳಿಗೆ ದನಿಯಿಲ್ಲ, ಕತ್ತಲಲ್ಲಿ ಕಾಣುವುದೂ ಇಲ್ಲ, ಹಾಗಾಗಿ ಅವಳ ಕಡೆ ಯಾರ ಗಮನವೂ ಹೋಗುವುದಿಲ್ಲ. ರೋಹಿಣಿ ಅವರ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು: ದಶಕಗಳ ಉದ್ದಕ್ಕೂ, ಪ್ರಾಣಿ ಬದಲಾದರೂ ದೇಶ ಬದಲಾದರೂ, ಅವರು ಮತ್ತೆ ಮತ್ತೆ ಕೇಳುವವಳ ಪಕ್ಕದಲ್ಲಿ ಹೋಗಿ ಕೂರುತ್ತಾರೆ. ಅವಳಿಗೆ ಏನು ಕೇಳಿಸಿತು, ಯಾವುದರಿಂದ ಕೇಳಿಸಿತು, ಕೇಳಿಸಿದ್ದಕ್ಕೆ ಅವಳ ಮೈ ಏನು ಮಾಡಿತು, ಅದಕ್ಕೆ ಅವಳು ಏನು ಬೆಲೆ ತೆತ್ತಳು. ನಮ್ಮ ಕಾವ್ಯಮೀಮಾಂಸೆ ಸಹೃದಯನಿಗೆ ಕೊಟ್ಟ ಸ್ಥಾನವನ್ನು ಒಪ್ಪಿಕೊಂಡವರಿಗೆ ಈ ವಿಜ್ಞಾನ ಸುಲಭವಾಗಿ ಒಗ್ಗುತ್ತದೆ.

ಶುರುವಾದದ್ದು ಕಿವಿಯಿಂದಲ್ಲ, ನಾಲಿಗೆಯಿಂದ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಕಿ ಅವರು ಹಣ್ಣುನೊಣದ ವಾಸನೆ ಮತ್ತು ರುಚಿಯ ಮೇಲೆ ಒಂದು ಪರಂಪರೆಯನ್ನೇ ಬೆಳೆಸಿದ್ದರು. ಅವರೇ ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರು. ಅವರ ಶಿಷ್ಯೆ ವೆರೋನಿಕಾ ರಾಡ್ರಿಗ್ಸ್ ಅವರೊಂದಿಗೆ ರೋಹಿಣಿ 1991ರಲ್ಲಿ ಪ್ರಕಟಿಸಿದ ಪ್ರಬಂಧ ಹಣ್ಣುನೊಣದ ಎರಡು ಜೀನುಗಳ ಬಗ್ಗೆ. ಅವುಗಳಲ್ಲಿ ಒಂದರ ಹೆಸರು ಶೇಕರ್. ಈ ಜೀನು ಕೆಟ್ಟ ನೊಣಕ್ಕೆ ಈಥರ್ ಹಿಡಿದರೆ ಕಾಲು ನಡುಗುತ್ತದೆ. ನರಕೋಶದ ಗೋಡೆಯಲ್ಲಿ ಪೊಟ್ಯಾಸಿಯಂ ಹಾಯುವ ಬಾಗಿಲು ಸರಿಯಿಲ್ಲದ್ದೇ ಕಾರಣ. ಕಾಲು ನಡುಗುವ ಈ ನೊಣಕ್ಕೆ ರುಚಿ ಹೇಗೆ ಗೊತ್ತಾಗುತ್ತದೆ ಎಂಬುದು ಪ್ರಶ್ನೆ. ನೊಣ ಕಾಲಲ್ಲೇ ರುಚಿ ನೋಡುವ ಪ್ರಾಣಿ, ಸಕ್ಕರೆ ನೀರು ಕಾಲಿಗೆ ಸೋಕಿದರೆ ಸೊಂಡಿಲು ಚಾಚುತ್ತದೆ. ನಾಲಿಗೆಯ ತುದಿಯಲ್ಲಿ ಅಥವಾ ಕಾಲಿನ ರೋಮದಲ್ಲಿ ಹುಟ್ಟಿದ ಸುದ್ದಿ ಒಳಗೆ ಹೋಗಿ ರುಚಿಯಾಗುವುದಕ್ಕೆ ಆ ಎರಡೂ ಜೀನುಗಳು ಬೇಕು ಎಂದು ಅವರು ತೋರಿಸಿದರು. ಹೊರಗಿನದು ಒಳಗೆ ಹೋಗಿ ಅನುಭವವಾಗುವ ಆ ಹೊಸ್ತಿಲಿನ ಮೇಲೆ ಅವರ ಕಣ್ಣು ಆಗಲೇ ನೆಟ್ಟಿತ್ತು.

ಅಲ್ಲಿಂದ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆರಾಲ್ಡ್ ಪೊಲಾಕ್ ಅವರ ಪ್ರಯೋಗಾಲಯಕ್ಕೆ, ಟೆಲಿಯೊಗ್ರಿಲಸ್ ಓಷಿಯಾನಿಕಸ್ ಎಂಬ ಕಪ್ಪು ಜೀರುಂಡೆಯ ಹತ್ತಿರಕ್ಕೆ. ಜೀರುಂಡೆಯ ಕಿವಿ ತಲೆಯಲ್ಲಿಲ್ಲ, ಮುಂಗಾಲಿನ ಮೊಣಕಾಲಿಗಿಂತ ಸ್ವಲ್ಪ ಕೆಳಗಿದೆ. ತೆಳುವಾದೊಂದು ಪೊರೆ, ಅದರ ಹಿಂದೆ ಗಾಳಿಯ ಕೊಳವೆ, ಕೊಳವೆಗೆ ಅಂಟಿಕೊಂಡು ಸಾಲಾಗಿ ಎಪ್ಪತ್ತರ ಆಸುಪಾಸಿನ ನರಕೋಶಗಳು. ಇಷ್ಟರಲ್ಲೇ ಅವಳು ತನ್ನ ಜಾತಿಯವನನ್ನು ಗುರುತಿಸಬೇಕು, ಅವನು ಎಡಕ್ಕಿದ್ದಾನೋ ಬಲಕ್ಕಿದ್ದಾನೋ ತಿಳಿಯಬೇಕು, ಬಾವಲಿಯ ಶಬ್ದ ಬಂದರೆ ಹಾರಾಟದ ದಿಕ್ಕು ಬದಲಿಸಬೇಕು. ಎದೆಯ ನರಗಂಟಿನಲ್ಲಿ ಎಡಕ್ಕೊಂದು ಬಲಕ್ಕೊಂದು ಒಮೆಗಾ ಎಂಬ ನರಕೋಶವಿದೆ, ಗ್ರೀಕ್ ಅಕ್ಷರದ ಆಕಾರದ್ದು. ಪೊಲಾಕ್ 1988ರಲ್ಲಿ ಈ ಒಂದೇ ಕೋಶದಲ್ಲಿ ಕಂಡದ್ದನ್ನು ಓದಿ ನಾನು ಬೆರಗಾದೆ. ಒಂದೇ ಕಡೆಯಿಂದ ಇಬ್ಬರು ಹಾಡುತ್ತಿದ್ದರೆ, ಒಬ್ಬನ ದನಿ ಗಟ್ಟಿಯಾಗಿಯೂ ಇನ್ನೊಬ್ಬನದು ಮೆತ್ತಗೂ ಇದ್ದರೆ, ಈ ಕೋಶ ಗಟ್ಟಿ ದನಿಯ ಲಯವನ್ನಷ್ಟೇ ಮುಂದಕ್ಕೆ ಕಳಿಸುತ್ತದೆ. ಮೆತ್ತಗಿನವನು ಒಬ್ಬನೇ ಹಾಡಿದ್ದರೆ ಅವನ ಹಾಡೂ ಕೋಶಕ್ಕೆ ತಲುಪುತ್ತಿತ್ತು; ಗಟ್ಟಿ ದನಿಯವನು ಪಕ್ಕದಲ್ಲಿದ್ದಾಗ ಅವನು ಅಳಿಸಿಹೋಗುತ್ತಾನೆ. ಗದ್ದಲದ ಕೋಣೆಯಲ್ಲಿ ನಾವು ಒಬ್ಬರ ಮಾತಿಗೆ ಮನಸ್ಸು ಕೊಡಲು ಇಡೀ ಮೆದುಳನ್ನು ಬಳಸುತ್ತೇವೆ. ಆ ಕೆಲಸದ ಒಂದು ತುಣುಕು ಇಲ್ಲಿ ಒಂದೇ ಒಂದು ಕೋಶದೊಳಗೆ ನಡೆಯುತ್ತದೆ. ಇದೇ ಪ್ರಯೋಗಾಲಯದಲ್ಲಿ ರೋಹಿಣಿ ಅವರು ನೋಡಿದ್ದು ಕಿವಿಯ ಆಚೆಯ ಘಟ್ಟವನ್ನು: ಹೆಣ್ಣು ಹತ್ತಿರ ಬಂದ ಮೇಲೆ ಗಂಡು ದೂರದ ಕರೆ ಬಿಟ್ಟು ಬೇರೆಯೇ ಒಂದು ಹಾಡಿಗೆ ಹೊರಳುತ್ತಾನೆ, ಮೀಸೆಗೆ ಮೀಸೆ ತಾಗುತ್ತದೆ. ಆಗ ಹೆಣ್ಣಿನ ತೀರ್ಮಾನದಲ್ಲಿ ಹಾಡಿನ ಪಾಲೆಷ್ಟು, ಸ್ಪರ್ಶದ ಪಾಲೆಷ್ಟು ಎಂದು ಒಂದೊಂದನ್ನೇ ಬಿಡಿಸಿ ಅಳೆದರು.

ಆದರೆ ಮನಸ್ಸು ನಿಲ್ಲುವುದು ಅದರ ಮುಂದಿನ ಊರಿನಲ್ಲಿ, ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಡಾಗ್ಮಾರ್ ಮತ್ತು ಓಟೊ ಫಾನ್ ಹೆಲ್ವರ್ಸೆನ್ ಎಂಬ ದಂಪತಿ ಅಲ್ಲಿ ಕೊರ್ಥಿಪಸ್ ಬಿಗುಟ್ಯುಲಸ್ ಎಂಬ ಸಣ್ಣ ಹುಲ್ಲುಮಿಡತೆಯ ಹಾಡನ್ನು ವರ್ಷಾನುಗಟ್ಟಲೆ ಓದಿದ್ದರು. ಈ ಮಿಡತೆ ರೆಕ್ಕೆಗೆ ರೆಕ್ಕೆ ಉಜ್ಜುವುದಿಲ್ಲ, ಹಿಂಗಾಲನ್ನು ರೆಕ್ಕೆಗೆ ಉಜ್ಜುತ್ತದೆ. ಎರಡು ಹಿಂಗಾಲುಗಳೂ ಒಟ್ಟಿಗೆ ಆಡುತ್ತವೆ, ಆದರೆ ಕರಾರುವಾಕ್ಕಾಗಿ ಒಟ್ಟಿಗಲ್ಲ. ಒಂದು ಕಾಲು ದಿಕ್ಕು ಬದಲಿಸುವ ಕ್ಷಣದಲ್ಲಿ ದನಿ ತುಂಡಾಗುತ್ತದಲ್ಲ, ಆ ಬಿರುಕನ್ನು ಕೂದಲೆಳೆ ಹಿಂದಿರುವ ಇನ್ನೊಂದು ಕಾಲು ತುಂಬುತ್ತದೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಸರದಿಯಲ್ಲಿ ಒನಕೆ ಹಾಕುವುದನ್ನು ಕೇಳಿದವರಿಗೆ ಇದು ಕೂಡಲೇ ಹೊಳೆಯುತ್ತದೆ. ಎರಡೂ ಕಾಲು ಸೇರಿದಾಗ ಹೊರಬರುವುದು ಬಿರುಕಿಲ್ಲದ ಒಂದು ನುಡಿ, ಆಮೇಲೊಂದು ಸ್ಪಷ್ಟ ಬಿಡುವು, ಮತ್ತೆ ನುಡಿ.

ಹಕ್ಕಿಯ ಬಾಯಿಂದಲೋ ಜೇಡನಿಂದಲೋ ತಪ್ಪಿಸಿಕೊಳ್ಳುವಾಗ ಮಿಡತೆ ಒಂದು ಹಿಂಗಾಲನ್ನು ಕಳೆದುಕೊಳ್ಳುವುದುಂಟು. ಅವನು ಒಂಟಿಕಾಲಲ್ಲೇ ಹಾಡುತ್ತಾನೆ. ನಮ್ಮ ಕಿವಿಗೆ ಅದರಲ್ಲಿ ಯಾವ ಊನವೂ ಕೇಳಿಸದು. ಹೆಣ್ಣಿಗೆ ಕೇಳಿಸುತ್ತದೆ. ನುಡಿಯ ನಡುವೆ ಎರಡು ಮೂರು ಮಿಲಿಸೆಕೆಂಡಿನ ಬಿರುಕು ಬಿದ್ದರೆ ಸಾಕು, ಅವಳು ಉತ್ತರ ಕೊಡುವುದಿಲ್ಲ. ಈ ಜಾತಿಯಲ್ಲಿ ಹೆಣ್ಣಿಗೂ ದನಿಯುಂಟು. ಹಾಡು ಒಪ್ಪಿಗೆಯಾದರೆ ಅವಳೂ ಹಾಡಿ ತಿಳಿಸುತ್ತಾಳೆ, ಗಂಡು ಆ ದಿಕ್ಕಿಗೆ ತಿರುಗುತ್ತಾನೆ. ಪ್ರಯೋಗ ಮಾಡುವವರಿಗೆ ಇದೊಂದು ವರವೇ ಆಯಿತು. ಕಂಪ್ಯೂಟರಿನಲ್ಲಿ ಕಟ್ಟಿದ ಹಾಡನ್ನು ಕೇಳಿಸಿ, ಒಂದು ಕಡೆ ಬಿರುಕು ಹಾಕಿ, ಇನ್ನೊಂದು ಕಡೆ ನುಡಿಯ ತಲೆ ಎತ್ತರಿಸಿ, ಮತ್ತೊಂದು ಕಡೆ ಬಾಲ ಇಳಿಸಿ, ಅವಳು ಎಷ್ಟು ಸಲ ಉತ್ತರಿಸಿದಳು ಎಂದು ಎಣಿಸಿದರೆ ಅವಳ ಅಭಿರುಚಿಯ ನಕ್ಷೆಯೇ ಕೈಗೆ ಬರುತ್ತದೆ. ನುಡಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಅವಳ ನರಗಳು ಯಾವುದರಿಂದ ತಿಳಿಯುತ್ತವೆ ಎಂಬುದು ರೋಹಿಣಿ ಅವರು ಹೆಲ್ವರ್ಸೆನ್ ದಂಪತಿಯ ಜೊತೆ 2001ರಲ್ಲಿ ಪ್ರಕಟಿಸಿದ ಕೆಲಸ. ಸಂಗೀತದ ವಿಮರ್ಶಕರು ಎತ್ತುಗಡೆ, ನಿಲುಗಡೆ ಎಂದು ಹೇಳುವುದನ್ನು ಇಲ್ಲಿ ಮಿಲಿಸೆಕೆಂಡುಗಳಲ್ಲಿ, ಒಂದು ಹುಳದ ಒಪ್ಪಿಗೆಯಿಂದಲೇ ತೂಗಿದ್ದಾರೆ. ಇಷ್ಟು ಕಟ್ಟುನಿಟ್ಟಿನ ಕೇಳುಗರು ನಮ್ಮ ಸಭಾಂಗಣಗಳಲ್ಲಿ ಅಪರೂಪ.

ಊರಿಗೆ ಮರಳಿ ಕಾಡಿಗೆ ಹೋದಾಗ ಪ್ರಶ್ನೆ ಹಿಗ್ಗಿತು. ಪ್ರಯೋಗಾಲಯದ ಕೋಣೆಯಲ್ಲಿ ಒಂದು ಹೆಣ್ಣು, ಒಂದು ಸ್ಪೀಕರ್. ಕುದುರೆಮುಖದ ಮುಸ್ಸಂಜೆಯಲ್ಲಿ ಹತ್ತಾರು ಬಗೆಯ ಹಾಡುಗಾರರು ಒಟ್ಟಿಗೆ. ಅದರೊಳಗೆ ತನ್ನವನ ದನಿ ಅವಳಿಗೆ ಸಿಗುವುದಾದರೂ ಹೇಗೆ? ಸ್ವಾತಿ ದಿವಾಕರ್ ಅವರೊಂದಿಗೆ ರೋಹಿಣಿ ಮೊದಲು ಯಾರು ಯಾವ ಹೊತ್ತಿಗೆ, ಯಾವ ಎತ್ತರದಿಂದ ಹಾಡುತ್ತಾರೆ ಎಂದು ಪಟ್ಟಿ ಮಾಡಿದರು. ತರಗೆಲೆಯ ನೆಲ, ಪೊದೆ, ಮರದ ನಡು, ನೆತ್ತಿ ಎಂದು ಹಾಡುಗಾರರು ಹಂತ ಹಂತವಾಗಿ ಕೂತಿದ್ದರು. ಆಮೇಲೆ 2014ರಲ್ಲಿ, ಮಂಜರಿ ಜೈನ್, ರಿತ್ತಿಕ್ ದೇಬ್ ಮೊದಲಾದವರ ಜೊತೆ ಬಂದ ಪ್ರಬಂಧ ಆ ಸಂಜೆಯ ಮೇಳ ಗದ್ದಲವೋ ನಿಶ್ಶಬ್ದವೋ ಎಂದು ತಲೆಬರಹದಲ್ಲೇ ಕೇಳಿತು. ಪ್ರತಿ ಹಾಡುಗಾರ ಕೂತ ಜಾಗ, ಅವನ ದನಿಯ ಎತ್ತರ, ಅದು ಎಲೆಗಳ ನಡುವೆ ಸವೆಯುತ್ತ ಹೋಗುವ ಬಗೆ, ಕೇಳುವವಳ ಕಿವಿ ಯಾವ ಶ್ರುತಿಗೆ ಹೊಂದಿಕೊಂಡಿದೆ ಎಂಬುದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ, ಅವಳ ಕಿವಿಯಲ್ಲಿ ಒಂದು ಹಾಡು ಇನ್ನೊಂದರ ಮೇಲೆ ಬೀಳುವುದು ಬಹಳ ಕಡಿಮೆ. ಗದ್ದಲ ಎನ್ನುವುದು ಎಲ್ಲವನ್ನೂ ಕೇಳಿಸಿಕೊಳ್ಳುವ ಮನುಷ್ಯನ ಕಿವಿಯ ಅನುಭವ. ಅಲ್ಲಿ ಕೂತವಳಿಗೆ ಸಂಜೆ ಹೆಚ್ಚುಕಡಿಮೆ ಖಾಲಿಯಾಗಿರುತ್ತದೆ, ತನ್ನವನ ದನಿ ಆ ಖಾಲಿಯಲ್ಲಿ ನಿಚ್ಚಳವಾಗಿ ನಿಲ್ಲುತ್ತದೆ. ನಮ್ಮ ತೋಟದಲ್ಲಿ ದನಿ ಏರಿಸಿ ಮಾತಾಡುವ ಹೊತ್ತಿನಲ್ಲಿ ಇದನ್ನು ನೆನೆದುಕೊಂಡರೆ ಕೇಳುವ ರೀತಿಯೇ ಬದಲಾಗುತ್ತದೆ. ಒಂದು ದನಿ ಹಿಡಿದು, ಉಳಿದವನ್ನು ಬಿಟ್ಟು, ಅದರ ಹಿಂದೆಯೇ ಹೋಗಲು ಮನಸ್ಸಾಗುತ್ತದೆ.

ಅದಕ್ಕೂ ಮುಂಚಿನ ಇನ್ನೊಂದು ಕೆಲಸ ಮೆಕೊಪೋಡ ಎಂಬ ದೊಡ್ಡ ಎಲೆಬಣ್ಣದ ಮಿಡತೆಯ ಮೇಲೆ. ವಿವೇಕ್ ನಿತ್ಯಾನಂದ ಅವರೊಂದಿಗೆ ಮಾಡಿದ್ದು. ನೋಡಲು ಒಂದೇ, ರೆಕ್ಕೆ ಕಾಲು ಅಳೆದರೂ ಬೇರೆ ಮಾಡಲು ಬಾರದು. ಆದರೆ ದಕ್ಷಿಣ ಭಾರತದಲ್ಲಿ ಅವುಗಳ ಹಾಡು ಐದು ಬಗೆ. ಅವಕ್ಕೆ ರೈಲು, ಹೆಲಿಕಾಪ್ಟರ್ ಎಂಬಂಥ ಅಡ್ಡಹೆಸರುಗಳನ್ನೇ ಕೊಟ್ಟರು. ಕಣ್ಣಿಗೆ ಒಂದೇ ಆಗಿರುವುದನ್ನು ಕಿವಿ ಐದಾಗಿ ಬಿಡಿಸಿಕೊಟ್ಟ ಈ ಪ್ರಬಂಧ ನನಗೆ ಇಷ್ಟ. ಅವುಗಳಲ್ಲಿ ಒಂದು ಬಗೆಯ ಗಂಡುಗಳು ಪಕ್ಕದವನ ನುಡಿಗೆ ತಕ್ಕಂತೆ ತಮ್ಮ ಮುಂದಿನ ನುಡಿಯನ್ನು ಪ್ರತಿ ಸಲವೂ ಹಿಂದೆ ಮುಂದೆ ಸರಿಸಿಕೊಂಡು ಒಟ್ಟಿಗೆ ಹಾಡುವುದನ್ನೂ ಅವರು ವಿವರಿಸಿದ್ದಾರೆ.

ಕಾಡು ಬಿಟ್ಟು ಬಯಲಿಗೆ ಇಳಿದರೂ ಪ್ರಶ್ನೆ ಕೇಳುವವಳದ್ದೇ. ಚಿಕ್ಕಬಳ್ಳಾಪುರದ ಕಡೆಯ ಒಣ ಬಯಲಿನಲ್ಲಿ, ತುಳಸಿಯ ಕುಟುಂಬಕ್ಕೆ ಸೇರಿದ, ಘಾಟು ವಾಸನೆಯ ಹಿಪ್ಟಿಸ್ ಎಂಬ ಕಳೆಗಿಡದ ಮೇಲೆ ಈಕ್ಯಾಂಥಸ್ ಹೆನ್ರಿಯೈ ಬದುಕುತ್ತದೆ. ಗಾಜಿನಷ್ಟು ತಿಳಿಯಾದ ರೆಕ್ಕೆಯ, ತೆಳ್ಳನೆಯ, ಎಲೆಹಸಿರಿನ ಜೀರುಂಡೆ. ಇದರ ಹಾಡಿನ ಶ್ರುತಿ ಚಳಿಯಲ್ಲಿ ಇಳಿಯುತ್ತದೆ, ಸೆಕೆಯಲ್ಲಿ ಏರುತ್ತದೆ. ಜೀರುಂಡೆಯ ಹಾಡಿನ ಲಯವನ್ನು ಎಣಿಸಿ ತಾಪಮಾನ ಹೇಳಬಹುದೆಂದು ಅಮೆರಿಕದ ಏಮಸ್ ಡಾಲ್ಬೇರ್ 1897ರಲ್ಲೇ ಬರೆದಿದ್ದರು. ಹಾಡುವವನ ವಿಷಯ ಅಲ್ಲಿಗೆ ಸರಿ. ಕೇಳುವವಳ ಗತಿಯೇನು? ಅವಳ ಕಿವಿ ಒಂದು ಶ್ರುತಿಗೆ ಬಿಗಿದುಕೊಂಡಿದ್ದರೆ ಡಿಸೆಂಬರಿನ ರಾತ್ರಿಯ ಹಾಡು ಅವಳಿಗೆ ತಪ್ಪಿಹೋಗಬೇಕು. 2011ರಲ್ಲಿ ನತಾಶಾ ಮ್ಹಾತ್ರೆ, ಮೊನಿಷಾ ಭಟ್ಟಾಚಾರ್ಯ, ಬ್ರಿಸ್ಟಲ್‌ನ ಡೇನಿಯಲ್ ರಾಬರ್ಟ್ ಅವರೊಂದಿಗೆ ರೋಹಿಣಿ ಇದನ್ನು ಪರೀಕ್ಷೆಗೆ ಒಡ್ಡಿದರು. 18ರಿಂದ 27 ಡಿಗ್ರಿವರೆಗಿನ ರಾತ್ರಿಗಳಲ್ಲಿ ಹುಟ್ಟಬಹುದಾದ ಎಲ್ಲ ಶ್ರುತಿಗಳಿಗೂ ಹೆಣ್ಣು ಸಮನಾಗಿ ಓಗೊಟ್ಟಳು. ಲೇಸರ್ ಬೆಳಕು ಬಿಟ್ಟು ಅವಳ ಮುಂಗಾಲಿನ ಪೊರೆಯ ಕಂಪನ ಅಳೆದಾಗ ಇನ್ನೂ ದೊಡ್ಡ ಬೆರಗು ಕಾದಿತ್ತು. ಹೆಚ್ಚುಕಡಿಮೆ ಹತ್ತು ಪಟ್ಟು ಹರವಿನ ಶ್ರುತಿಗಳಿಗೆ ಆ ಪೊರೆ ಒಂದೇ ಮಟ್ಟದಲ್ಲಿ ಕಂಪಿಸುತ್ತದೆ. ಜೀವಿಗಳ ಕಿವಿಯಲ್ಲಿ ಇಷ್ಟು ಸಮತಟ್ಟಾದ ಗ್ರಹಣ ಅಪರೂಪ. ಇದರಿಂದ ಪುಟ್ಟ ಮೈಕ್ರೊಫೋನ್ ಮಾಡಬಹುದು ಎಂಬ ಮಾತು ಪ್ರಬಂಧದ ಕೊನೆಗೆ ಬರುತ್ತದೆ. ಅದು ಬರುವುದಾದರೆ ಬರಲಿ. ನನಗೆ ಆ ಲಾಭವಿಲ್ಲದೆಯೂ ಇದು ಪೂರ್ಣವೆನಿಸುತ್ತದೆ: ಹಾಡುವವನ ಮೈ ಚಳಿಗೆ ಸೋತು ಶ್ರುತಿ ಇಳಿಸಿದರೂ, ಕೇಳುವವಳ ಕಿವಿ ಅವನನ್ನು ಬಿಟ್ಟುಕೊಡದಷ್ಟು ಅಗಲವಾಗಿದೆ.

ಇದೇ ಹುಳ ಎಲೆಯಿಂದ ಒಂದು ಸಾಧನವನ್ನೂ ಮಾಡುತ್ತದೆ. ರೆಕ್ಕೆ ಚಿಕ್ಕದು, ದನಿಯ ಅಲೆ ಅದಕ್ಕಿಂತ ಬಹಳ ಉದ್ದ. ರೆಕ್ಕೆಯ ಮುಂದೆ ಗಾಳಿ ಒತ್ತಿಕೊಂಡಾಗ ಹಿಂದೆ ತೆಳುವಾಗುತ್ತದೆ, ಅಂಚು ಬಳಸಿ ಎರಡೂ ಬೆರೆತು ಒಂದನ್ನೊಂದು ತಿಂದುಹಾಕುತ್ತವೆ. ಹಾಗಾಗಿ ದನಿ ದೂರ ಹೋಗುವುದಿಲ್ಲ. ಕೆಲವು ಗಂಡುಗಳು ಎಲೆಯ ನಡುವೆ ಬಾಯಿಂದ ತೂತು ಕೊರೆದು, ಅದರಲ್ಲಿ ಮೈ ತೂರಿಸಿ, ರೆಕ್ಕೆಗಳನ್ನು ಎಲೆಯ ಸಮಕ್ಕೆ ಎತ್ತಿ ಹಿಡಿದು ಹಾಡುತ್ತವೆ. ಆಗ ಮುಂದಿನ ಗಾಳಿ ಹಿಂದಕ್ಕೆ ಬರಲು ಎಲೆ ಬಿಡುವುದಿಲ್ಲ, ದನಿ ಗಟ್ಟಿಯಾಗುತ್ತದೆ. ದಕ್ಷಿಣ ಆಫ್ರಿಕಾದ ಒಂದು ಈಕ್ಯಾಂಥಸ್‌ನಲ್ಲಿ ಇದನ್ನು 1975ರಲ್ಲೇ ಕಂಡಿದ್ದರು. ನಮ್ಮ ಬಯಲಿನ ಹುಳ ಎಷ್ಟು ನುರಿತ ಕುಶಲಿ ಎಂಬುದು 2017ರ ಪ್ರಬಂಧದಲ್ಲಿದೆ. ಸಣ್ಣ ಎಲೆ ದೊಡ್ಡ ಎಲೆ ಎರಡನ್ನೂ ಮುಂದಿಟ್ಟರೆ ದೊಡ್ಡದನ್ನು ಆರಿಸುತ್ತದೆ. ತೂತನ್ನು ಅಂಚಿನಲ್ಲಿ ಕೊರೆಯದೆ ನಡುವಿಗೆ ಕೊರೆಯುತ್ತದೆ. ತೂತಿನ ಅಳತೆ ತನ್ನ ರೆಕ್ಕೆಗೆ ಹೊಂದುವಷ್ಟೇ. ಭೌತಶಾಸ್ತ್ರದ ಲೆಕ್ಕ ಹಾಕಿ ಕಂಡುಕೊಂಡ ಅತ್ಯುತ್ತಮ ವಿನ್ಯಾಸಕ್ಕೆ ಇದು ತೀರಾ ಹತ್ತಿರ, ಅದೂ ಒಂದೇ ಪ್ರಯತ್ನದಲ್ಲಿ.

ಎಲೆ ಹಿಡಿಯುವವರು ಯಾರು ಎಂಬ ಪ್ರಶ್ನೆಗೆ 2020ರಲ್ಲಿ ರಿತ್ತಿಕ್ ದೇಬ್, ಸಂಬಿತಾ ಮೋದಕ್ ಅವರೊಂದಿಗೆ ಉತ್ತರ ಬಂತು: ಹೆಚ್ಚಾಗಿ ಗಾತ್ರದಲ್ಲಿ ಚಿಕ್ಕವರು, ದನಿ ಮೆತ್ತಗಿರುವವರು. ಹೆಣ್ಣಿಗೆ ಇಷ್ಟವಾಗುವುದು ಗಟ್ಟಿ ದನಿ. ಎಲೆಯ ಬೆಂಬಲದಿಂದ ಈ ಸಣ್ಣವರ ಕಡೆಗೂ ಹೆಚ್ಚು ಹೆಣ್ಣುಗಳು ಬಂದವು, ದೊಡ್ಡವರೊಂದಿಗೆ ಇರುವಷ್ಟೇ ಹೊತ್ತು ಇವರೊಂದಿಗೂ ಕೂಡಿದವು. ಪ್ರಬಂಧ ಇದನ್ನು ಮೋಸ ಎಂದು ಕರೆಯುತ್ತದೆ, ವಿಕಾಸದ ಪರಿಭಾಷೆಯಲ್ಲಿ ಅದು ಸರಿಯೂ ಹೌದು. ನನಗೆ ಮಾತ್ರ ಆ ಎಲೆ ಕೊರೆಯುವವನ ಮೇಲೆ ಅಕ್ಕರೆಯೇ ಹೆಚ್ಚು.

ಇನ್ನು ಬೆಲೆಯ ವಿಷಯ. ಹಾಡುವವನಿಗೆ ಅಪಾಯ ಹೆಚ್ಚು ಎಂದು ಎಲ್ಲರೂ ನಂಬಿದ್ದರು. ಕಾರಣವೂ ಗಟ್ಟಿಯಾಗಿಯೇ ಇತ್ತು: ಹೆಣ್ಣಿಗೆ ಕೇಳಿಸುವ ದನಿ ಬೇಟೆಗಾರನಿಗೂ ಕೇಳಿಸುತ್ತದೆ. ಮೆಗಾಡರ್ಮ ಸ್ಪಾಸ್ಮ ಎಂಬ ದೊಡ್ಡ ಕಿವಿಯ ಬಾವಲಿ ಸದ್ದು ಕೇಳಿ ಬೇಟೆ ಹಿಡಿಯಬಲ್ಲದು. ಹಿಡಿದ ಮಿಡತೆಯನ್ನು ತಾನು ನೇತಾಡುವ ಜಾಗಕ್ಕೆ ತಂದು, ರೆಕ್ಕೆ ಕಾಲು ಕಿತ್ತೆಸೆದು ಮೈ ತಿನ್ನುತ್ತದೆ. ಕೊಡಗಿನ ಹಳೆಯ ಐನ್‌ಮನೆಗಳಲ್ಲಿ ಬಾವಲಿ ಸೇರಿಕೊಂಡ ಅಟ್ಟದ ಕೆಳಗೆ ಬೆಳಿಗ್ಗೆ ಗುಡಿಸುವವರ ಪೊರಕೆಗೆ ಇಂಥ ಹಸಿರು ರೆಕ್ಕೆಗಳು ಸಿಗುತ್ತವೆ, ಕಸದ ಜೊತೆ ಹೊರಗೆ ಹೋಗುತ್ತವೆ. ಕುದುರೆಮುಖದ ತಂಡ ಅದೇ ಕಸವನ್ನು ಕೂತು ಹೆಕ್ಕಿತು. ಗಂಡಿನ ರೆಕ್ಕೆಯಲ್ಲಿ ಹಾಡಿನ ಹಲ್ಲುಸಾಲಿದೆ, ಹೆಣ್ಣಿನದರಲ್ಲಿಲ್ಲ. ರೆಕ್ಕೆ ನೋಡಿದರೆ ಸತ್ತವರು ಯಾರೆಂದು ತಿಳಿಯುತ್ತದೆ. ರಾಶಿಯಲ್ಲಿ ಹೆಣ್ಣುಗಳೇ ಬಹಳ ಹೆಚ್ಚು.

ಅನುಮಾನ ಪರಿಹರಿಸಲು ಪ್ರಯೋಗವನ್ನೂ ಮಾಡಿದರು. ಸ್ಪೀಕರಿನಿಂದ ಗಂಡಿನ ಹಾಡು ಕೇಳಿಸಿದಾಗ ಬಾವಲಿ ಕಡಿಮೆ ಸಲ ಹತ್ತಿರ ಬಂತು. ದಾರಕ್ಕೆ ಕಟ್ಟಿ ಹಾರಲು ಬಿಟ್ಟ ಮಿಡತೆಯ ಮೇಲೆ ಹೆಚ್ಚು ಸಲ ಎರಗಿತು. ಹಾಡು ಕೇಳಿ, ಹಾಡಿದವನನ್ನು ಹುಡುಕಿಕೊಂಡು ಕತ್ತಲಲ್ಲಿ ಹಾರುವವಳು ಅವಳು, ಹಾಗಾಗಿ ಸಾಯುವವಳೂ ಅವಳೇ. 2015ರ ಈ ಪ್ರಬಂಧ ಚಿಕ್ಕದು, ಭಾಷೆ ಸಂಯಮದ್ದು. ಆದರೆ ಹಾಡುವುದು ಧೈರ್ಯ, ಸುಮ್ಮನಿರುವುದು ಸುರಕ್ಷೆ ಎಂದು ದಶಕಗಳಿಂದ ಪಠ್ಯಗಳಲ್ಲಿ ಕೂತಿದ್ದ ನಂಬಿಕೆಯನ್ನು ಅದು ಬುಡದಲ್ಲೇ ಅಲುಗಿಸಿತು. ಬಾವಲಿಯ ಹಿಕ್ಕೆಯ ನಡುವಿನಿಂದ ರೆಕ್ಕೆ ಹೆಕ್ಕಿ ಬೇರ್ಪಡಿಸುವ ತಾಳ್ಮೆ ಇಲ್ಲದಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ.

ಅದೇ ವರ್ಷ ಬಂದ ಇನ್ನೊಂದು ಕೆಲಸವೇ ನನಗೆ ಈ ಇಡೀ ಸಂಶೋಧನೆಯ ಶಿಖರ. ಕಾವೇರಿ ರಾಜಾರಾಮನ್, ಇಂಜಿನಿಯರಿಂಗ್ ವಿಭಾಗದ ರುದ್ರ ಪ್ರತಾಪ್ ಮೊದಲಾದವರ ಜೊತೆಗಿನದು. ಹುಳದ ಹೆಸರು ಒನೊಮಾರ್ಕಸ್ ಯುನಿನೊಟೇಟಸ್. ಹಲಸಿನ ಜಾತಿಯ ಮರಗಳ ನೆತ್ತಿಯಲ್ಲಿರುವ, ಅಗಲ ರೆಕ್ಕೆಯ ದೊಡ್ಡ ಮಿಡತೆ. ಇದರ ಬಂಧುಗಳು ಬಹುಪಾಲು ನಮ್ಮ ಕಿವಿಗೆ ಎಟುಕದಷ್ಟು ಎತ್ತರದಲ್ಲಿ ಹಾಡಿದರೆ, ಇದು ಸೆಕೆಂಡಿಗೆ 3,200 ಕಂಪನಗಳಷ್ಟು ತಗ್ಗಿನಲ್ಲಿ, ಶುದ್ಧವಾದ ಒಂದೇ ಸ್ವರದಲ್ಲಿ ಹಾಡುತ್ತದೆ. ತಗ್ಗಿನ ಸ್ವರ ಎಲೆಗಳ ನಡುವೆ ಬಹುದೂರ ಹೋಗುತ್ತದೆ, ಅದು ಲಾಭ. ಅದರ ಅಲೆಯ ಉದ್ದ ಹತ್ತು ಸೆಂಟಿಮೀಟರಿಗೂ ಹೆಚ್ಚು, ಹುಳಕ್ಕಿಂತ ಉದ್ದ. ಎಡಬಲ ತಿಳಿಯುವುದು ಕಷ್ಟ, ಅದು ನಷ್ಟ. ಎರಡು ವರ್ಷ ಮೊದಲೇ ಇದರ ಕಿವಿಯನ್ನು ಅಳೆದು ನೋಡಿದ್ದರು. ಒಂದೊಂದು ಮುಂಗಾಲಿನಲ್ಲೂ ಎರಡೆರಡು ಪೊರೆ. ಮುಂದಿನ ಪೊರೆ ತಗ್ಗಿನ ಸ್ವರವನ್ನಷ್ಟೇ ಒಳಗೆ ಬಿಡುತ್ತದೆ, ಅದರ ದಿಕ್ಕನ್ನೂ ಗ್ರಹಿಸುತ್ತದೆ. ಹಿಂದಿನ ಪೊರೆ ಉಳಿದ ಎತ್ತರದ ಸದ್ದುಗಳನ್ನು ನೋಡಿಕೊಳ್ಳುತ್ತದೆ. ತನ್ನವನಿಗೆಂದೇ ಒಂದು ಬಾಗಿಲು, ಲೋಕಕ್ಕೆಂದು ಇನ್ನೊಂದು.

ಕೊಡಗಿನ ತೋಟಗಳಲ್ಲಿ ನೆರಳಿಗೆಂದು ಉಳಿಸಿಕೊಂಡ ಹಳೆಯ ಹಲಸುಗಳು ಈಚೆಗೆ ಕಡಿಮೆಯಾಗುತ್ತಿವೆ, ಬೇಗ ಬೆಳೆದು ಬೇಗ ಕಾಸಾಗುವ ಸಿಲ್ವರ್ ಓಕ್ ಆ ಜಾಗಕ್ಕೆ ಬರುತ್ತಿದೆ. ಹಲಸಿನ ನೆತ್ತಿಯಲ್ಲಿ ಏನೇನು ನಡೆಯಬಲ್ಲದು ಎಂದು ತಿಳಿದ ಮೇಲೆ ಆ ಕೊಡಲಿಯ ಸದ್ದು ನನಗೆ ಹಿಂದಿನಂತೆ ಕೇಳಿಸುತ್ತಿಲ್ಲ.

ಪ್ರಯೋಗಾಲಯದಲ್ಲಿ ಹೆಣ್ಣಿಗೆ ಗಂಡಿನ ಹಾಡು ಕೇಳಿಸಿ, ಅವಳು ಯಾವ ಕಡೆ ನಡೆಯುತ್ತಾಳೆ ಎಂದು ನೋಡುವುದು ವಾಡಿಕೆ. ಒನೊಮಾರ್ಕಸ್ ಹೆಣ್ಣು ನಡೆಯುವ ಮೊದಲು ಬೇರೇನನ್ನೋ ಮಾಡಿತು. ಗಂಡಿನ ಒಂದೊಂದು ನುಡಿ ಮುಗಿದ ಮೇಲೂ ಮೈಯನ್ನು ಅಲುಗಿಸಿತು. ಮತ್ತೆ ನುಡಿ, ಮತ್ತೆ ಅಲುಗು. ಸದ್ದಿಲ್ಲ. ಕೂತ ಕಡೆಯಿಂದ ಆ ನಡುಕ ರೆಂಬೆಗೆ ಇಳಿದು ಹರಿಯುತ್ತದೋ ಎಂದು ಲೇಸರ್ ಬಿಟ್ಟು ಅಳೆದರು, ಹರಿಯುತ್ತಿತ್ತು. ಅವನ ನುಡಿಗೂ ಅವಳ ನಡುಕಕ್ಕೂ ನಡುವಿನ ಅಂತರ ತಾಳ ತಪ್ಪದೆ ನಿಂತಿತ್ತು. ಅವನ ಪಾಲು ಗಾಳಿಯಲ್ಲಿ, ಅವಳ ಪಾಲು ಮರದಲ್ಲಿ. ಪ್ರಾಣಿಲೋಕದಲ್ಲಿ ಹೀಗೆ ಎರಡು ಬೇರೆ ಮಾಧ್ಯಮಗಳಲ್ಲಿ ನಡೆಯುವ ಯುಗಳಗಾನ ದಾಖಲಾದದ್ದು ಇದೇ ಮೊದಲು ಎಂದು ಪ್ರಬಂಧ ಹೇಳುತ್ತದೆ. ನಡುಕ ಬಂದ ಮೂಲವನ್ನು ಗಂಡು ಹುಡುಕಿಕೊಂಡು ಹೋಗಬಲ್ಲ ಎಂಬುದನ್ನೂ ಅವರು ಪರೀಕ್ಷಿಸಿದರು. ಬರೀ ನಡುಕ ಕೊಟ್ಟರೆ ಅವನಿಗೆ ದಾರಿ ಸಿಗಲಿಲ್ಲ. ಬರೀ ಹಾಡು ಕೇಳಿಸಿದರೂ ಸಿಗಲಿಲ್ಲ. ಹಾಡು ಮತ್ತು ನಡುಕ ಎರಡೂ ತಮ್ಮ ತಾಳದಲ್ಲಿ ಒಟ್ಟಿಗೆ ಬಂದಾಗ ಮಾತ್ರ ಅವನು ಅವಳಿದ್ದ ಕಡೆ ತಲುಪಿದ.

ಹುಡುಕಿಕೊಂಡು ಹಾರುವ ಹೆಣ್ಣನ್ನು ಬಾವಲಿ ತಿನ್ನುವ ಕಾಡಿನಲ್ಲಿ ಇಂಥದ್ದೊಂದು ಏರ್ಪಾಡು ಬೆಳೆದಿರುವುದಕ್ಕೆ ಅದೇ ಕಾರಣವಿರಬಹುದು ಎಂದು ರೋಹಿಣಿ ಮತ್ತು ಅವರ ಜೊತೆಗಾರರು ಊಹಿಸುತ್ತಾರೆ. ಹುಡುಕುವ ಅಪಾಯದ ಒಂದು ಭಾಗ ಅವಳಿಂದ ಅವನಿಗೆ ದಾಟಿದೆ. ಅವಳು ಇದ್ದಲ್ಲೇ ಇದ್ದು ತಾನಿರುವುದನ್ನು ತಿಳಿಸುತ್ತಾಳೆ. ಅವನು ಹಾಡಲೂ ಬೇಕು, ಹಾಡಿನ ಬಿಡುವಿನಲ್ಲಿ ರೆಂಬೆಗೆ ಕಾಲೂರಿ ಅವಳನ್ನು ಕೇಳಲೂ ಬೇಕು, ಆಮೇಲೆ ಹೊರಡಬೇಕು.